ಫಾಮೆಲ್ ಗಾಡಿಯಲ್ಲಿ ಊಟಕ್ಕೆ

ನಲವತ್ತು ವರ್ಷ ಹಿಂದೆ ಕೂತವಳು ನಾನು.
ಅವನ ಬೆನ್ನು ಬಿಟ್ಟರೆ
ಅಲೆಂತೇಜೊದಲ್ಲಿ ಕಂಡದ್ದು ಕಡಿಮೆ.
ಈಗ ಹ್ಯಾಂಡಲ್ಲು ನನ್ನ ಕೈಲಿ.
ಕುಸ್ತೋದಿಯು ಹಿಂದಿನ ಸೀಟಿನಲ್ಲಿ,
ಕಣ್ಣಿನ ಬೆಳಕು ಹೋಗಿ ಇದು ಮೂರನೇ ಸೆಪ್ಟೆಂಬರು.
ಹೆಲ್ಮೆಟ್ಟಿನ ಗಾಜು ಮಾತ್ರ ಇನ್ನೂ ಒರೆಸಿಕೊಳ್ಳುತ್ತಾನೆ.
ಯಾಕೆಂದು ಕೇಳಿಲ್ಲ.

ಏಳಕ್ಕೆ ಅಲ್ಮೊದೋವರ್ ಬಿಟ್ಟೆವು.
ಪೆಟ್ರೋಲಿಗೆ ಆಯಿಲ್ ಅಳೆದದ್ದು ಅವನೇ,
ಬಾಟಲಿಯ ಕತ್ತಿಗೆ ಬೆರಳಿಟ್ಟು.
ಐವತ್ತು ಸೀಸಿಯ ಗಾಡಿ, ನಮ್ಮ ಮದುವೆಗಿಂತ ಒಂದು ವರ್ಷ ಹಿರಿದು,
ಏರಿನಲ್ಲಿ ಕೆಮ್ಮು, ಇಳಿಜಾರಿನಲ್ಲಿ ಜಂಬ.
ಮಗಳು ಫೋನಿನಲ್ಲಿ: "ಅಮ್ಮ, ಕಾರಿದೆಯಲ್ಲ!"
ಕಾರಿದೆ. ಕಾರಿಗೆ ಮೂಗಿಲ್ಲ.

"ಏನು ಕಾಣುತ್ತೆ?"
"ಮರ."
"ನಂಬರು ಹೇಳು."
ಬಿರಡೆ ಮರದ ತೊಗಟೆ ಸುಲಿದ ವರ್ಷದ ಕೊನೆಯಂಕಿ,
ಬೋಳು ಕೆಂಪು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ.
"ನಾಲ್ಕು," ಎಂದೆ.
ಮತ್ತೆ ಸುಲಿಯಲು ಒಂಬತ್ತು ವರ್ಷ ಕಾಯಬೇಕು.
ಬೆನ್ನ ಹಿಂದೆ ಅವನು ಲೆಕ್ಕ ಹಾಕುವುದು ಕೇಳಿಸಿತು.
"ಅಷ್ಟರಲ್ಲಿ ನನಗೆ ಎಪ್ಪತ್ತೊಂಬತ್ತು."
ಆಮೇಲೆ ಸುಮಾರು ದೂರ ಮಾತಿಲ್ಲ.

ಕರೆಂಟು ಕಂಬದ ಮೇಲೆ ಕೊಕ್ಕರೆ ಗೂಡು, ಹೇಳಿದೆ.
ಗೋಡೆಗೆ ನೀಲಿ ಪಟ್ಟಿ ಬಳಿದ ಮನೆ, ಹೇಳಿದೆ.
ನಮ್ಮನ್ನು ಕಂಡು ಎದೆಯ ಮೇಲೆ ಶಿಲುಬೆ ಎಳೆದುಕೊಂಡ ಮುದುಕಿ, ಅದನ್ನೂ.
ಓದೆಮೀರಕ್ಕೆ ಮುಂಚಿನ ಗುಡ್ಡ ಮಾತ್ರ ಹೇಳಲಿಲ್ಲ.
ಹೋದ ತಿಂಗಳು ಸುಟ್ಟ ಗುಡ್ಡ,
ಅವನು ಇಪ್ಪತ್ತಾರು ಬೇಸಿಗೆ ಕೊಡಲಿ ಹಿಡಿದ ಗುಡ್ಡ.
ಆ ವಾರವಿಡೀ ರೇಡಿಯೊ ಕೆಟ್ಟಿದೆ ಎಂದಿದ್ದೆ.
"ಆಕಾಶ ಚೆನ್ನಾಗಿದೆ," ಎಂದೆ.
"ಹೌದೌದು. ಆಕಾಶ ಮಸಿ ವಾಸನೆ ಹೊಡೀತಿದೆ."

ಸಿಟ್ಟಿರಲಿಲ್ಲ ದನಿಯಲ್ಲಿ. ಸೊಂಟದ ಮೇಲಿದ್ದ ಕೈ
ಕೊಂಚ ಬಿಗಿಯಾಯಿತು, ಅಷ್ಟೆ.

ಆಮೇಲೆ ಬೆಳ್ಳಗೆ, ಉದ್ದಕ್ಕೂ, ಹೊಳೆಯುತ್ತ...
"ಸಮುದ್ರವೇ?"
"ಪ್ಲಾಸ್ಟಿಕ್ಕು. ರಾಸ್ಪ್‌ಬೆರಿ ಬೆಳೆಯುವ ಗುಡಾರ."
ಸೈಕಲ್ಲಿನಲ್ಲಿ ಬಂದ ನೇಪಾಳದ ಹುಡುಗರು
ಗಾಡಿಯ ಸದ್ದಿಗೆ ನಕ್ಕು ಕೈ ಬೀಸಿದರು.
ಅವನಿಗೆ ಹೇಳಿದೆ. ಅವನೂ ಬೀಸಿದ,
ಆಚೆ ಬದಿಗೆ, ಒಂದು ಕತ್ತೆಗೆ.

ಸಮುದ್ರ ನನಗಿಂತ ಮೊದಲು ಸಿಕ್ಕಿದ್ದು ಅವನಿಗೆ,
ಇನ್ನೂ ಮೂರು ತಿರುವು ಇರುವಾಗಲೇ.
"ಬಂತು," ಎಂದ, ಬಸ್ಸಿಗೆ ಕಾದವನ ಹಾಗೆ.

ಬಂಡೆಯಂಚಿನ ಹೋಟೆಲು, ಮೇಜಿಗೆ ಕಾಗದ,
ಗಾಳಿಗೆ ಹಾರದಂತೆ ಕ್ಲಿಪ್ಪು.
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ದಿನಕ್ಕೆ ನೂರೆಂಬತ್ತು ತಟ್ಟೆ ಬಡಿಸಿದವಳು.
ಯಾರಾದರೂ ತಟ್ಟೆ ತಂದು ಮುಂದಿಟ್ಟರೆ
ಈಗಲೂ ಏಳಲು ಹೊರಡುತ್ತವೆ ಮೊಣಕಾಲು.
ಕೆಂಡದಲ್ಲಿ ಸುಟ್ಟ ಭೂತಾಯಿ, ಕಲ್ಲುಪ್ಪು, ದಪ್ಪ ಬ್ರೆಡ್ಡು.
ಮುಳ್ಳು ತೆಗೆದುಕೊಡಲೇ, ಎಂದೆ.
"ಸುಮ್ಮನಿರು, ದಿಯೊಲಿಂಡ."
ತಲೆಯ ಕೆಳಗೆ ಬೆರಳಲ್ಲಿ ತಡವಿ, ಒಂದು ಒತ್ತು,
ಬಾಲ ಹಿಡಿದು ಮೆಲ್ಲಗೆ ಎತ್ತಿದ.
ಬೆನ್ನೆಲುಬು ಇಡಿಯಾಗಿ ಬಂತು, ಬಾಚಣಿಗೆಯ ಹಾಗೆ,
ಮಾಂಸಕ್ಕೆ ಒಂದು ಗೀರಿಲ್ಲ.
ತೊಗಟೆ ಎತ್ತುತ್ತಿದ್ದದ್ದೂ ಹೀಗೇ.
ಒಳಪದರಕ್ಕೆ ಏಟು ಬಿದ್ದರೆ ಮರ ಮರೆಯುವುದಿಲ್ಲ,
ಅಂತಿದ್ದನಂತೆ ಅವನ ಅಪ್ಪ.
ನನಗೂ ಅದನ್ನೇ ಹೇಳಿದ್ದ, ಮದುವೆಯ ಹೊಸತರಲ್ಲಿ,
ಬೇರೆ ಯಾವುದೋ ವಿಷಯಕ್ಕೆ.

ಅವನು ಒಂಬತ್ತು ಮೀನು ತಿಂದ. ನಾನು ಏಳು.
ಬಿಲ್ಲು ಓದಿ ಹೇಳಿದಾಗ "ಕಳ್ಳರು" ಎಂದು ಖುಷಿಯಿಂದ ಬೈದ.
ಬಂಡೆಯ ನೆರಳಲ್ಲಿ ಐದರವರೆಗೆ ಗೊರಕೆ.

ಮರಳುವಾಗ ಔರೀಕ್ ದಾಟುವಷ್ಟರಲ್ಲಿ ಕತ್ತಲು.
ಗಾಡಿಯ ದೀಪ ಮುಪ್ಪಿನ ಮಿಂಚುಹುಳ.
"ಕಾಣುತ್ತಿಲ್ಲ," ಎಂದೆ.
"ಹಾಂ. ಎರಡನೇ ಗೇರು. ಈಗ ಎಡಕ್ಕೆ, ಉದ್ದ ತಿರುವು.
ಸೇತುವೆ ಬಂತು, ಜಾರುತ್ತೆ. ಇನ್ನು ಏರು."
ಸೊಂಟದ ಮೇಲಿನ ಕೈ ಮೀನು ನಾರುತ್ತಿತ್ತು.
ಏರು ಬಂತು, ಅವನು ಹೇಳಿದಲ್ಲೇ.

"ಒಂದಾದರೂ ಉಳಿದಿದೆಯಾ?"
ಗುಡ್ಡದ ಮಾತು ಎಂದು ತಿಳಿಯಲು
ನನಗೆ ಒಂದು ಗೇರಿನಷ್ಟು ಹೊತ್ತು ಬೇಕಾಯಿತು.
"ಉಳಿದಿವೆ. ತೊಗಟೆ ಇದ್ದವು ಚಿಗುರುತ್ತಿವೆ."
"ಸುಲಿದವು?"

ಗಾಡಿ ಕೆಮ್ಮಿತು.
ಕೆಮ್ಮಲು ಬಿಟ್ಟೆ.